ಅಜವಾನದ ಘಾಟು ಹಾರಿಹೋಗದ ಹಾಗೆ

ಸಿಂಧನೂರಿನ ನಮ್ಮ ಮನೆಯಲ್ಲಿ ಹೊಟ್ಟೆ ಉಬ್ಬರಿಸಿದರೆ, ಮೂಗು ಕಟ್ಟಿದರೆ ಮೊದಲು ಕೈ ಹೋಗುವುದು ಅಜವಾನದ ಬಾಟಲಿಗೆ. ಓಂಕಾಳು ಅಂತಾರಲ್ಲ, ಅದೇ. ಬಳಸುತ್ತಾ ಬಳಸುತ್ತಾ ನನಗೆ ತಿಳಿದದ್ದು ಒಂದೇ ಮಾತು. ಇದರ ಗುಣವೆಲ್ಲ ಘಾಟಿನಲ್ಲಿದೆ. ಘಾಟು ಹೋಯಿತೋ, ಉಳಿಯುವುದು ಬರೀ ಹೊಟ್ಟು.

ಆ ಘಾಟು ಬರುವುದು ಥೈಮಾಲ್ ಎಂಬ ಅಂಶದಿಂದ. ಕೆಲವು ಮೌತ್‌ವಾಶ್‌ಗಳಲ್ಲೂ ಇದು ಇರುತ್ತದೆ. ಕಾಳಿನೊಳಗಿನ ಎಣ್ಣೆಯಲ್ಲಿ ಸೇರಿಕೊಂಡಿರುತ್ತದೆ, ಬಿಸಿ ತಗುಲಿದರೆ ಗಾಳಿಗೆ ಹಾರುತ್ತದೆ. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಅದಕ್ಕೇ ನಾನು ಜಾಸ್ತಿ ತಂದಿಡುವುದಿಲ್ಲ. 50 ಗ್ರಾಂ ಸಾಕು. ಕೊಳ್ಳುವ ಮೊದಲು ನಾಲ್ಕು ಕಾಳು ಅಂಗೈಯಲ್ಲಿ ತಿಕ್ಕಿ ಮೂಸುತ್ತೇನೆ. ಮೂಗಿಗೆ ಚುರ್ ಅನ್ನಬೇಕು. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ. ಮನೆಯಲ್ಲಿ ಗಾಜಿನ ಬಾಟಲಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರ ಇಡುತ್ತೇನೆ. ಪುಡಿ ಮಾಡಿ ಇಡುವುದಂತೂ ಬೇಡವೇ ಬೇಡ.

ಮಂಡಾಳು (ಮಂಡಕ್ಕಿ) ಒಗ್ಗರಣೆಯ ಜೊತೆ ಮಿರ್ಚಿ ಬಜ್ಜಿ ನಮ್ಮ ಕಡೆ ಬೇಕೇ ಬೇಕು. ಮೆಣಸಿನಕಾಯಿ ಸೀಳಿ ಒಳಗೆ ಉಪ್ಪು, ಅಜವಾನ ಸವರುವುದು ರುಚಿಗೆ ಮಾತ್ರ ಅಲ್ಲ. ಕಡಲೆಹಿಟ್ಟು ಹೊಟ್ಟೆ ಉಬ್ಬಿಸುತ್ತದೆ, ಅಲ್ವಾ? ಅದಕ್ಕೆ ಇದು ಜೋಡಿ. ಮಡಕಿಕಾಳು, ಅಲಸಂದಿ ಪಲ್ಯಕ್ಕೂ ನಾನು ಹಾಕುತ್ತೇನೆ. ಸಾಸಿವೆ ಸಿಡಿದು ಒಲೆ ಆರಿಸಿದ ಮೇಲೆ, ಅಂಗೈಯಲ್ಲಿ ತಿಕ್ಕಿ ಒಗ್ಗರಣೆಗೆ ಬಿಡುತ್ತೇನೆ. ಈ ಘಾಟು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ.

ಕಷಾಯದ ವಿಷಯಕ್ಕೆ ಬಂದರೆ ನನಗೂ ನಮ್ಮ ಅತ್ತೆಗೂ ಇನ್ನೂ ರಾಜಿಯಾಗಿಲ್ಲ. ಅವರು ಪಾತ್ರೆ ತೆರೆದಿಟ್ಟು, ನೀರು ಅರ್ಧಕ್ಕೆ ಇಳಿಯುವ ತನಕ ಕುದಿಸುತ್ತಾರೆ. ಓಣಿಗೆಲ್ಲ ಘಮ ಹೋಗುತ್ತದೆ. ಓಣಿಗೆ ಹೋದದ್ದು ಲೋಟಕ್ಕೆ ಎಲ್ಲಿಂದ ಬರಬೇಕು? ನಾನು ಅರ್ಧ ಚಮಚ ಕಾಳನ್ನು ಕಲ್ಲಲ್ಲಿ ಸ್ವಲ್ಪ ಜಜ್ಜಿ, ಲೋಟಕ್ಕೆ ಹಾಕಿ, ಕುದಿಯುವ ನೀರು ಸುರಿದು ತಟ್ಟೆ ಮುಚ್ಚುತ್ತೇನೆ. 10 ನಿಮಿಷ ಬಿಟ್ಟು ಸೋಸಿ, ಚೂರು ಬೆಲ್ಲ ಹಾಕಿ ಕುಡಿಯುವುದು. “ಕುದಿಸಲಾರದ್ದು ಅದೆಂಥಾ ಕಷಾಯ?” ಅಂತ ಅತ್ತೆ ಕೇಳುತ್ತಾರೆ. ಹೊಟ್ಟೆ ಉಬ್ಬರಿಸಿದಾಗ ಮಾತ್ರ ನನ್ನ ಲೋಟವನ್ನೇ ಎತ್ತಿಕೊಳ್ಳುತ್ತಾರೆ. ಊರಿಗೆ ಹೋದಾಗ ಇಷ್ಟೆಲ್ಲ ಆಗುವುದಿಲ್ಲ. ಆಗ ಒಂದು ಚಿಟಿಕೆ ಕಾಳು, ಎರಡು ಹರಳು ಉಪ್ಪು ಸೇರಿಸಿ ಅಗಿದು, ಮೇಲೆ ಬಿಸಿನೀರು ಕುಡಿದರಾಯಿತು.

ನೆಗಡಿಗೆ ಗಂಟು ಕಟ್ಟುತ್ತೇವೆ. ಕಾಳನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಘಮ ಎದ್ದ ಕೂಡಲೇ ಇಳಿಸಿ, ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ ಮೂಸುವುದು. ಕಪ್ಪಾಗುವ ತನಕ ಹುರಿದರೆ ಸುಮ್ನೆ ದಂಡ. ಮೂಗು ತೆರೆದ ಹಾಗಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ನೆಗಡಿ ಮಾತ್ರ ತನ್ನ ದಿನ ಮುಗಿಸಿಯೇ ಹೋಗುವುದು. ಹಾಲು ಕುಡಿಯುವ ಕೂಸಿನ ಹತ್ತಿರ ಈ ಗಂಟು ನಾನು ತರುವುದಿಲ್ಲ. ಅವುಗಳ ಉಸಿರಿಗೆ ಈ ಘಾಟು ಜಾಸ್ತಿ, ಚರ್ಮವೂ ಸುಡಬಹುದು. ಜ್ವರ ಇಳಿಯದಿದ್ದರೆ, ಉಸಿರಾಡಲು ಕಷ್ಟವಾದರೆ ಯಾರಿಗೇ ಆಗಲಿ ದವಾಖಾನೆಯೇ.

ರವೆ ಡಬ್ಬಿಯಲ್ಲಿ ನುಸಿ ಬರದಿರಲಿ ಅಂತ ಸಣ್ಣ ಗಂಟು ಇಡುವುದೂ ಉಂಟು. ಘಾಟು ಇರುವ ತನಕ ಪರವಾಗಿಲ್ಲ ಅನ್ನಬಹುದು, ಅಷ್ಟೇ. ಜೋಳಕ್ಕೆ ಮಾತ್ರ ಮಾಳಿಗೆಯ ಬಿಸಿಲೇ ಸೈ. ಅದಕ್ಕೇನು ನಮ್ಮಲ್ಲಿ ಬರವೇ?

ಬಸುರಿಯರಿಗೆ ಅಡುಗೆಯಲ್ಲಿ ಬೀಳುವಷ್ಟು ಬಿಟ್ಟು, ಕಷಾಯ ಅಂತ ನಾನು ಕೊಡುವುದಿಲ್ಲ. ಎದೆ ಉರಿ, ಹೊಟ್ಟೆ ಹುಣ್ಣು ಇದ್ದವರಿಗೂ ಇದು ಆಗಿಬರುವುದಿಲ್ಲ, ಉರಿ ಇನ್ನೂ ಏರುತ್ತದೆ. ನಮ್ಮ ಯಜಮಾನರಿಗೆ ಆ ತೊಂದರೆ ಇದೆ. ಅವರ ಲೋಟಕ್ಕೆ ಜೀರಿಗೆ ನೀರು.