ರನ್ ಒತ್ತೋಕೆ ಯಾಕೆ ಅಂಜಿಕೆ? ಬಿಗ್‌ಕ್ವೆರಿ ಜೊತೆ ನನ್ನದೊಂದು ಮಳೆಗಾಲ

ನಮ್ಮ ಆಫೀಸು ಪುಣೆಯ ಹಿಂಜವಡಿಯಲ್ಲಿದೆ. ಡೇಟಾ ಟೀಮಿನಲ್ಲಿ ಕನ್ನಡದವರು ಇಬ್ಬರೇ. ಹಾಸನದ ನಾನು, ಬೆಳಗಾವಿಯ ಒಬ್ಬ ಹುಡುಗಿ. ಹೋದ ಮಳೆಗಾಲದಲ್ಲಿ ಮ್ಯಾನೇಜರ್ ನನಗೊಂದು ಕೆಲಸ ಕೊಟ್ಟರು. ನಾವು ಬಳಸೋದು ಬಿಗ್‌ಕ್ವೆರಿ, ಅಂದರೆ ದೊಡ್ಡ ಡೇಟಾ ಇಟ್ಟು ಅದಕ್ಕೆ ಪ್ರಶ್ನೆ (ಕ್ವೆರಿ) ಕೇಳೋಕೆ ಗೂಗಲ್ ಕೊಡೋ ಸೇವೆ. ಅದನ್ನು ಬರೆಯೋ ಎಡಿಟರ್‌ನಲ್ಲಿ ನಮ್ಮವರು ಒಂದು ಸಣ್ಣ ಕ್ವೆರಿಗೂ ಅರ್ಧ ಗಂಟೆ ತಗೋತಾರೆ, ಯಾಕೆ ಅಂತ ನೋಡಿ ಸರಿ ಮಾಡು ಅಂದರು.

ಮೊದಲು ಪೆದ್ದು ಕೆಲಸ ಮಾಡಿದೆ. ಶಾರ್ಟ್‌ಕಟ್ ಕೀಗಳ ಪಟ್ಟಿ ಮಾಡಿ ಎಲ್ಲರಿಗೂ ಮೇಲ್ ಹಾಕಿದೆ. ಕಂಟ್ರೋಲ್ ಎಂಟರ್ ಒತ್ತಿದರೆ ರನ್ ಆಗತ್ತೆ, ಇಂಥವು. ಒಬ್ಬರೂ ತೆರೆದು ನೋಡಲಿಲ್ಲ.

ಆಮೇಲೆ ಒಂದು ಸಂಜೆ ಮಳೆ ಹಿಡ್ಕೊಂಡಿತ್ತು, ರಸ್ತೆ ಜಾಮ್, ಯಾರೂ ಮನೆಗೆ ಹೊರಡೋ ಹಾಗಿರಲಿಲ್ಲ. ಬೆಳಗಾವಿ ಹುಡುಗಿಯ ಪಕ್ಕ ಕುರ್ಚಿ ಎಳೆದು ಸುಮ್ನೆ ಕೂತೆ. ಕ್ವೆರಿ ಬರೆಯೋದ್ರಲ್ಲಿ ಅವಳೇನೂ ನಿಧಾನ ಅಲ್ಲ, ಎರಡು ನಿಮಿಷಕ್ಕೆ ಮುಗಿಸಿದಳು. ಬರೆದು ಮುಗಿದ ಮೇಲೆ ಮೌಸ್ ರನ್ ಬಟನ್ ಮೇಲೆ ಹೋಗತ್ತೆ, ವಾಪಸ್ ಬರತ್ತೆ, ಮತ್ತೆ ಮೊದಲಿಂದ ಓದ್ತಾಳೆ, ಮತ್ತೆ ಹೋಗತ್ತೆ. ಏನಾಯ್ತೇ ಅಂದೆ.

"ಅಕ್ಕಾ, ಒತ್ತಿದ್ರ ಎಷ್ಟ್ ರೊಕ್ಕ ಹೋಗ್ತೈತೋ ಅಂತ ಅಂಜಿಕಿ. ಅದಕ್ಕ ಲಿಮಿಟ್ 10 ಹಾಕೀನಿ, ಸ್ವಲ್ಪನ ಓದ್ತೈತಿ ಹೌದಿಲ್ಲ?"

ಇಲ್ಲ! ನಮ್ಮದು ಆನ್-ಡಿಮಾಂಡ್ ಲೆಕ್ಕ, ಅಂದರೆ ಕ್ವೆರಿ ಎಷ್ಟು ಬೈಟ್ ಓದತ್ತೋ ಅಷ್ಟಕ್ಕೆ ದುಡ್ಡು. ಬಿಗ್‌ಕ್ವೆರಿ ಡೇಟಾವನ್ನು ಕಾಲಮ್ ಕಾಲಮ್ ಆಗಿ ಇಡೋದ್ರಿಂದ, ನೀವು ಹೆಸರು ಹೇಳಿದ ಕಾಲಮ್ಮನ್ನು ಪೂರ್ತಿ ಓದತ್ತೆ. ಕ್ಲಸ್ಟರ್ ಮಾಡದ, ಅಂದರೆ ಸಾಲುಗಳನ್ನು ಯಾವುದೋ ಕಾಲಮ್ ಪ್ರಕಾರ ಜೋಡಿಸಿಡದ ಟೇಬಲ್‌ನಲ್ಲಿ ಲಿಮಿಟ್ 10 ಅಂದರೆ ಪೂರ್ತಿ ಓದಿ ಹತ್ತು ಸಾಲು ತೋರಿಸತ್ತೆ, ಅಷ್ಟೇ. ಎಷ್ಟು ಓದತ್ತೆ ಅನ್ನೋದನ್ನು ಎಡಿಟರ್ ರನ್ ಒತ್ತೋಕೆ ಮುಂಚೆಯೇ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರತ್ತೆ. ಅವಳು ಒಂದು ದಿನವೂ ಅತ್ತ ನೋಡಿರಲಿಲ್ಲ. ಎಲ್ಲ ಕಾಲಮ್ ಕೊಡು ಅನ್ನೋ ಸ್ಟಾರ್ (*) ತೆಗೆದು ಬೇಕಾದ ಮೂರೇ ಕಾಲಮ್ ಬರಿ, ಆ ಅಂಕಿ ನೋಡ್ತಾ ಇರು ಅಂದೆ. 38 ಜಿಬಿ ಇದ್ದದ್ದು 2ಕ್ಕೆ ಇಳಿಯಿತು. "ಸಂತ್ಯಾಗ ಚೌಕಾಸಿ ಮಾಡಿದಂಗ ಆತಲ್ಲ ಅಕ್ಕಾ" ಅಂತ ನಕ್ಕಳು. ಅವತ್ತಿಂದ ನಾವಿಬ್ಬರೂ ಅದನ್ನು ಚೌಕಾಸಿ ಅಂತಲೇ ಕರೆಯೋದು. ಇನ್ನು ಟೇಬಲ್‌ನಲ್ಲಿ ಏನಿದೆ ಅಂತ ಇಣುಕಿ ನೋಡೋಕೆ ಕ್ವೆರಿಯೇ ಬೇಡ, ಪ್ರಿವ್ಯೂ ಟ್ಯಾಬ್ ಇದೆ, ಅದು ಪುಕ್ಕಟೆ.

ಅಂಜಿಕೆ ಬರೀ ಮಾತಿಂದ ಹೋಗಲ್ಲ ಅಲ್ವಾ, ಅದಕ್ಕೆ ಬೇಲಿಯನ್ನೂ ಹಾಕಿದೆ. ತಾರೀಖಿನ ಪ್ರಕಾರ ತುಂಡು (ಪಾರ್ಟಿಷನ್) ಮಾಡಿಟ್ಟ ದೊಡ್ಡ ಟೇಬಲ್‌ಗಳಿಗೆ ಪಾರ್ಟಿಷನ್ ಫಿಲ್ಟರ್ ಕಡ್ಡಾಯ ಮಾಡಿದೆ. ತಾರೀಖು ಹಾಕದೆ ರನ್ ಕೊಟ್ಟರೆ ಓಡೋದೇ ಇಲ್ಲ, ಬೈಗುಳ ತಿಂದು ವಾಪಸ್ ಬರಬೇಕು. ಜೊತೆಗೆ ದಿನಕ್ಕೆ ಇಷ್ಟೇ ಓದಿಸಬಹುದು ಅಂತ ಒಬ್ಬೊಬ್ಬರಿಗೂ ಕೋಟಾ. ಇದರಲ್ಲಿ ಒಂದು ತಮಾಷೆ ಇದೆ. ಆ ಕೋಟಾ ಹೊಸದಾಗೋದು ಅಮೆರಿಕದ ಪೆಸಿಫಿಕ್ ಸಮಯದ ಮಧ್ಯರಾತ್ರಿಗೆ. ನಮಗೆ ಅದು ಬೇಸಿಗೆ, ಮಳೆಗಾಲದಲ್ಲಿ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30. ಬೆಳಿಗ್ಗೆಯೇ ಕೋಟಾ ಖಾಲಿ ಮಾಡಿಕೊಂಡು ನನ್ನ ಹತ್ರ ಬಂದವರಿಗೆ ಊಟ ಮಾಡ್ಕೊಂಡು ಬನ್ನಿ, ಅಷ್ಟರಲ್ಲಿ ಬಂದಿರತ್ತೆ ಅಂತ ಹೇಳಿ ಕಳಿಸ್ತೀನಿ. ನಿಜವಾಗಲೂ ಬಂದಿರತ್ತೆ.

ಎರಡನೇ ವಿಷಯ ಕೇಳಿ ನನಗೇ ನಗು ಬಂತು. ಅರ್ಧ ಟೀಮ್ ತಮ್ಮ ಕ್ವೆರಿಗಳನ್ನು ಎಡಿಟರ್‌ನಲ್ಲಿ ಇಡ್ತಾನೇ ಇರಲಿಲ್ಲ. ಯಾವುದೋ ಡಾಕ್ಯುಮೆಂಟು, ಮೇಲ್, ಮೊಬೈಲ್ ನೋಟ್ಸು, ಅಲ್ಲಿಂದ ಕಾಪಿ ಪೇಸ್ಟ್. ಅಂಥ ಜಾಗದಲ್ಲಿ ನೆಟ್ಟಗಿರೋ ಕೊಟೇಶನ್ ಗುರುತು ತಾನಾಗಿಯೇ ಬಾಗಿ ಚಂದ ಆಗಿಬಿಡತ್ತೆ. ನೋಡೋಕೆ ಒಂದೇ ಥರ, ಎಡಿಟರ್‌ಗೆ ಮಾತ್ರ ಬೇರೆ ಅಕ್ಷರ. ರನ್ ಒತ್ತಿದರೆ ಇಲ್ಲೀಗಲ್ ಇನ್‌ಪುಟ್ ಕ್ಯಾರೆಕ್ಟರ್ ಅನ್ನೋ ಎರರ್, ಪಕ್ಕದಲ್ಲಿ 342 ಅಂತ ಒಂದು ನಂಬರ್. ಬಾಗಿದ ಕೊಟೇಶನ್ನಿನ ಮೊದಲ ಬೈಟನ್ನು ಆಕ್ಟಲ್‌ನಲ್ಲಿ, ಅಂದರೆ ಎಂಟರ ಲೆಕ್ಕದ ಸಂಖ್ಯೆಯಲ್ಲಿ, ಬರೆದರೆ 342 ಬರತ್ತೆ. ಇದು ಯಾರಿಗೆ ತಾನೇ ಗೊತ್ತಾಗಬೇಕು? ಒಬ್ಬ ಹುಡುಗ ಇದೇ ಸಾಲನ್ನು ದಿಟ್ಟಿಸಿ ನೋಡ್ತಾ ಒಂದು ಮಧ್ಯಾಹ್ನ ಕಳೆದಿದ್ದ. ಕ್ವೆರಿಗಳನ್ನೆಲ್ಲ ಎಡಿಟರ್‌ನಲ್ಲೇ ಸೇವ್ ಮಾಡಿ ಟೀಮಿಗೆ ಶೇರ್ ಮಾಡಿ ಅಂತ ಹೇಳಿದ್ದೇ ತಡ, ಈ ಕಾಟ ಮುಕ್ಕಾಲು ಪಾಲು ನಿಂತಿತು.

ಜಾಸ್ತಿ ದಿನ ತಿಂದದ್ದು ತಾರೀಖು. ಪುಣೆ ಹತ್ತಿರದ ಚಾಕಣದ ಗೋದಾಮಿನಿಂದ ನೈಟ್ ಶಿಫ್ಟ್ ಸೂಪರ್‌ವೈಸರ್‌ದು ದಿನಾ ಒಂದೇ ದೂರು. ಬೆಳಗಿನ ಜಾವ ನಾಲ್ಕಕ್ಕೆ ಇವತ್ತಿನ ಲಾರಿ ನೋಡಿದರೆ ನಿನ್ನೆ ಹಗಲಿನವೂ ಸೇರಿಕೊಂಡು ಬರ್ತಾವೆ ಅಂತ. ತಪ್ಪು ನಮ್ಮದೇ. ಇವತ್ತಿನ ತಾರೀಖು ಕೇಳಿದರೆ ಬಿಗ್‌ಕ್ವೆರಿ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರೋ ವಿಶ್ವ ಸಮಯದ ಲೆಕ್ಕದಲ್ಲಿ ಹೇಳತ್ತೆ, ಬೇರೆ ಏನೂ ಹೇಳದಿದ್ದರೆ. ಅಂದರೆ ನಮ್ಮ ಬೆಳಿಗ್ಗೆ 5:30ರ ತನಕ ಅದಕ್ಕೆ ಇನ್ನೂ ನಿನ್ನೆಯೇ. ಸಮಯವಲಯ ಏಷ್ಯಾ/ಕೋಲ್ಕತಾ ಅಂತ ಬರೆದರೆ ಸರಿಹೋಗತ್ತೆ, ಆದರೆ ಎಲ್ಲರೂ ಎಲ್ಲ ಕ್ವೆರಿಯಲ್ಲೂ ನೆನಪಿಟ್ಟು ಬರೆಯೋದು ಆಗದ ಮಾತು. ಅದಕ್ಕೆ ಒಂದು ವ್ಯೂ (ಟೇಬಲ್ ಥರ ಬಳಸಬಹುದಾದ, ಸೇವ್ ಮಾಡಿಟ್ಟ ಕ್ವೆರಿ) ಮಾಡಿ ಅದರೊಳಗೇ ತಾರೀಖು ಬದಲಿಸಿದೆ, ಬಹಳ ಜಾಣೆ ಅನ್ನಿಸಿತು. ಮೂಲೆಯ ಅಂಕಿ ನೋಡಿದರೆ ಒಂದು ದಿನ ಕೇಳಿದರೂ ಇಡೀ ಟೇಬಲ್ ಓದ್ತಾ ಇದೆ! ಪಾರ್ಟಿಷನ್ ಇದ್ದದ್ದು ಮೂಲ ಟೈಮ್‌ಸ್ಟ್ಯಾಂಪ್ (ತಾರೀಖು, ಸಮಯ ಎರಡೂ ಇರೋ ಕಾಲಮ್) ಮೇಲೆ, ನಾನು ಅದಕ್ಕೆ ತಾರೀಖು ಬದಲಿಸೋ ಫಂಕ್ಷನ್ ಸುತ್ತಿದ್ದೆ, ಹಾಗಾಗಿ ಯಾವ ಪಾರ್ಟಿಷನ್ ಬಿಡಬಹುದು ಅಂತ ಬಿಗ್‌ಕ್ವೆರಿಗೆ ಗೊತ್ತಾಗಲಿಲ್ಲ. ಕೊನೆಗೆ ಡೇಟಾ ಲೋಡ್ ಆಗುವಾಗಲೇ ನಮ್ಮ ತಾರೀಖಿನದೊಂದು ಕಾಲಮ್ ಮಾಡಿ, ಅದರ ಮೇಲೇ ಪಾರ್ಟಿಷನ್ ಹಾಕಿದೆ. ಸೂಪರ್‌ವೈಸರ್ ಫೋನ್ ನಿಂತಿತು.

ಕಾಲಮ್‌ಗಳಿಗೆ ವಿವರಣೆಯನ್ನೂ ಬರೆದೆ. ಸ್ಟೇಟಸ್ 7 ಅಂದರೆ ವಾಪಸ್ ಬಂದ ಮಾಲು, ಈ ಥರ. ಬೇಸರದ ಕೆಲಸ, ಎರಡು ವಾರ ಹಿಡಿಯಿತು. ಆದರೆ ನನ್ನನ್ನು ಕೇಳೋಕೆ ಬರೋರು ಕಮ್ಮಿಯಾದರು.

ಸೇವ್ ಮಾಡೋ ಹೆಸರುಗಳನ್ನು ಮಾತ್ರ ಇನ್ನೂ ಸರಿ ಮಾಡೋಕೆ ಆಗಿಲ್ಲ. ಫೈನಲ್, ಫೈನಲ್ 2, ಹೊಸ ಫೈನಲ್ ಅಂತ ಸಾಲಾಗಿ ಇರತ್ತೆ. ಬೆಳಗಾವಿ ಹುಡುಗಿ ತನ್ನದಕ್ಕೆ "ಖರೇ ಫೈನಲ್" ಅಂತ ಇಟ್ಟಿದ್ದಾಳೆ. ಹೋದ ವಾರ ಅವಳು ರಜೆಯಲ್ಲಿದ್ದಾಗ ನಮ್ಮ ಮರಾಠಿ ಮ್ಯಾನೇಜರ್ ತಾವೇ ಪಟ್ಟಿ ತೆರೆದು, ಯಾರನ್ನೂ ಕೇಳದೆ, ಮೊದಲ ಸಲಕ್ಕೇ ಸರಿಯಾದದ್ದನ್ನು ತೆಗೆದರು. ಖರೇ ಅನ್ನೋದು ಅವರ ಭಾಷೆಯಲ್ಲೂ ಖರೇನೇ.