ದೇವಿಮನೆ ಘಟ್ಟ, ಮೂರನೇ ಗೇರು, ಮೂರನೇ ಸಿಲಿಂಡರ್

ಕುಮಟಾದಿಂದ ಶಿರಸಿಗೆ ಹೋಗುವಾಗ ಕತಗಾಲ ದಾಟಿ ಘಟ್ಟ ಹತ್ತೋಕೆ ಶುರು ಮಾಡಿದ ಮೇಲೆ ಒಂದು ಉದ್ದನೆಯ ಏರು ಸಿಗುತ್ತದೆ. ಮೂರನೇ ಗೇರು, ಮೂರೂವರೆ ಸಾವಿರ ಆರ್‌ಪಿಎಂ, ಕಾಲು ಪೂರ್ತಿ ಕೆಳಗೆ. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ತುಂಬಿ ಬರುವ ಹೊತ್ತಿಗೆ ಸರಿಯಾಗಿ ನನ್ನ ಫಿಯೆಟ್ ಲೀನಿಯಾ ಟಿ-ಜೆಟ್ ಕಾರು ಕೆಮ್ಮುತ್ತಿತ್ತು. ಟುಕ್, ಟುಕ್‌ಟುಕ್, ಆಮೇಲೆ ಚೆಕ್ ಎಂಜಿನ್ ಲೈಟು ಮಿಟುಕಲು ಶುರು. ನನ್ನ ಮನೆ ಕುಮಟಾ, ಹೆಂಡತಿಯ ಮನೆ ಶಿರಸಿ. ಹಾಗಾಗಿ ತಿಂಗಳಿಗೆ ಮೂರು ಸಲ ಈ ಅವಮಾನ. ಶಿರಸಿಯಲ್ಲಿ ಗೇಟಿನ ಹತ್ತಿರವೇ ಭಾವಮೈದುನ ಕಾಯುತ್ತಿದ್ದ. "ಎಂತಾ ಭಾವ, ಗಾಡಿಗೆ ಇನ್ನೂ ಕೆಮ್ಮು ಹೋಯ್ದಿಲ್ಯಾ?"

ಈಗ ಹೋಗಿದೆ. ಮಳೆಗಾಲದಲ್ಲೇ ಸುಮಾರು ಆರು ಸಾವಿರ ಕಿಲೋಮೀಟರ್ ಓಡಿಸಿದ್ದೇನೆ, ಒಂದು ಸಲವೂ ಕೆಮ್ಮಿಲ್ಲ. "ರೀಮ್ಯಾಪ್ ತೆಗೆಸದೆ ಇದು ಸರಿ ಹೋಗಲ್ಲ" ಅಂದವರು ನಾಲ್ಕು ಜನ. ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿದ್ದು, ಹಾಗೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ 2011ರ ಲೀನಿಯಾ, 1.4 ಟರ್ಬೊ ಪೆಟ್ರೋಲ್. ಕಂಪನಿಯಿಂದ ಬರುವಾಗ 114 ಕುದುರೆ. ನನ್ನದರಲ್ಲಿ ಸ್ಟೇಜ್ ಒನ್ ರೀಮ್ಯಾಪ್, ಫಿಲ್ಟರ್, ಟರ್ಬೊದಿಂದ ಹೊಗೆ ಹೊರಹೋಗುವ ದಪ್ಪ ಡೌನ್‌ಪೈಪ್. ಬೂಸ್ಟ್, ಅಂದರೆ ಟರ್ಬೊ ಒತ್ತುವ ಗಾಳಿಯ ಒತ್ತಡ, ಹೆಚ್ಚೆಂದರೆ 1.2 ಬಾರ್ ಮುಟ್ಟುತ್ತದೆ. ಎಷ್ಟು ಕುದುರೆ ಅಂತ ಕೇಳಬೇಡಿ, ಶಕ್ತಿ ಅಳೆಯುವ ಡೈನೊ ಮೇಲೆ ಹತ್ತಿಸಿಲ್ಲ. ಹತ್ತಿಸಿದೆ ಅಂತ ಸುಳ್ಳು ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಮೊದಲು ದುಡ್ಡು ಹೋದ ಕತೆ. ಒಂದು ಗ್ಯಾರೇಜಿನಲ್ಲಿ ಇಂಜೆಕ್ಟರ್ ಕ್ಲೀನಿಂಗ್, ನಾಲ್ಕೂವರೆ ಸಾವಿರ. ಎರಡು ದಿನ ಚೆನ್ನಾಗಿದೆ ಅನಿಸಿತು. ಖರ್ಚು ಮಾಡಿದ ಮೇಲೆ ಎರಡು ದಿನ ಎಲ್ಲವೂ ಚೆನ್ನಾಗೇ ಇರುತ್ತದೆ, ಅಲ್ವಾ? ಇನ್ನೊಬ್ಬರು ಫ್ಯೂಯಲ್ ಪಂಪ್ ವೀಕ್ ಅಂದರು. ಅದಕ್ಕೆ ಒಂಬತ್ತು ಸಾವಿರದ ಹತ್ತಿರ. ಕೆಮ್ಮು ಹಾಗೇ ಇತ್ತು. ರೀಮ್ಯಾಪ್ ಮಾಡಿದವರು ಪೆಟ್ರೋಲ್ ಸರಿ ಇಲ್ಲ ಅಂದರು. ಕುಮಟಾ, ಅಂಕೋಲಾ, ಶಿರಸಿ, ಮೂರೂ ಊರಿನ ಬಂಕಿನ ಪೆಟ್ರೋಲ್ ಕುಡಿಸಿ ನೋಡಿದೆ. ಸಿಲಿಂಡರಿನೊಳಗಿನ ಒತ್ತಡ (ಕಂಪ್ರೆಶನ್) ನೋಡಿಸಿದೆ, ನಾಲ್ಕೂ ಸಿಲಿಂಡರ್ 165ರಿಂದ 170 ಪಿಎಸ್‌ಐ ಒಳಗೆ ಬಂತು. ಅಷ್ಟಾದರೂ ಸಮಾಧಾನ. ಪೆಟ್ರೋಲಿಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ಗಿನ ಹೊಸ ಇರಿಡಿಯಂ ಸೆಟ್, ಒಂದು ಸೆನ್ಸರ್, ಲೇಬರ್, ಎಲ್ಲ ಸೇರಿ ಸುಮಾರು ಇಪ್ಪತ್ತೈದು ಸಾವಿರ ಹೋಯಿತು. ಹೆಂಡತಿಗೆ ಹನ್ನೆರಡು ಅಂತ ಹೇಳಿದ್ದೇನೆ.

ಆ ಪ್ಲಗ್ ಸೆಟ್ಟಿನಲ್ಲೇ ನನ್ನ ದೊಡ್ಡ ತಪ್ಪು ಇದ್ದದ್ದು. ಅಂಗಳದಲ್ಲಿ ಬದಲಿಸುವಾಗ ಒಂದು ಪ್ಲಗ್ ಕೈ ಜಾರಿ ಚಿರೇಕಲ್ಲಿನ ಮೇಲೆ ಬಿತ್ತು. ಎತ್ತಿ ನೋಡಿದೆ. ತುದಿ ಬಾಗಿಲ್ಲ, ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ಸರಿ ಇದೆ. ಒಂದು ಪ್ಲಗ್ಗಿಗೆ ಒಂಬೈನೂರು ಚಿಲ್ಲರೆ ಕೊಟ್ಟಿದ್ದೇನೆ, ಬಿಸಾಡುತ್ತಾರಾ? ಒರೆಸಿ ಹಾಕಿದೆ. ಹಾಕಿದ್ದು ಮೂರನೇ ಸಿಲಿಂಡರಿಗೆ.

ಸ್ಕ್ಯಾನರಿನಲ್ಲಿ ಒಂದು ದಿನ ಪಿ0303, ಅಂದರೆ ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ (ಮಿಸ್‌ಫೈರ್); ಇನ್ನೊಂದು ದಿನ ಪಿ0300, ಅಂದರೆ ಇಂಥದ್ದೇ ಸಿಲಿಂಡರ್ ಅಂತಿಲ್ಲದ ಮಿಸ್‌ಫೈರ್. ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಒಂದೊಂದು ಸಿಲಿಂಡರಿಗೂ ಒಂದೊಂದು; ಮೂರನೆಯದರದ್ದು ತೆಗೆದು ಒಂದಕ್ಕೆ ಹಾಕಿದೆ, ಒಂದರದ್ದು ಮೂರಕ್ಕೆ. ಎಲ್ಲರೂ ಮಾಡುವ ಕೆಲಸವೇ. ಕೋಡ್ ಕಾಯಿಲ್ ಹಿಂದೆ ಹೋದರೆ ಕಾಯಿಲ್ ಕೆಟ್ಟಿದೆ, ಅಲ್ಲೇ ಉಳಿದರೆ ಪ್ಲಗ್ ಅಥವಾ ಇಂಜೆಕ್ಟರ್. ನನ್ನದು ಎರಡೂ ಮಾಡಿತು. ಒಂದರಲ್ಲೂ ಮಿಸ್, ಮೂರರಲ್ಲೂ ಮಿಸ್. "ಹಾಗಾದರೆ ರ‍್ಯಾಂಡಮ್ ಮಿಸ್‌ಫೈರ್, ಟ್ಯೂನಿಂಗ್ ದೋಷ" ಅಂತ ನಾನೂ ನಂಬಿಬಿಟ್ಟೆ. ಮೂರು ತಿಂಗಳು ಹಾಳಾಯಿತು.

ಆ ನಡುವೆ ಏನೇನೋ ಪ್ರಯೋಗ. ಒಂದು ಹೀಟ್ ರೇಂಜ್ ತಣ್ಣಗಿನ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವ, ಪ್ಲಗ್ ಹಾಕಿ ನೋಡಿದೆ. ಘಟ್ಟದಲ್ಲಿ ಪರವಾಗಿಲ್ಲ, ಕುಮಟಾ ಪೇಟೆಯಲ್ಲಿ ಒಂದು ವಾರ ತಿರುಗಿದ ಮೇಲೆ ತೆಗೆದರೆ ತುದಿ ಒಲೆಯ ಮೇಲಿಟ್ಟ ಪಾತ್ರೆಯ ತಳದ ಹಾಗೆ ಕಪ್ಪು. ಅದನ್ನು ತೆಗೆದು ಇರಿಡಿಯಂ ಸೆಟ್ಟನ್ನೇ ವಾಪಸ್ ಹಾಕಿದೆ. ಟ್ರ್ಯಾಕಿಗೆ ಹೋಗುವವರಿಗೆ ಸರಿ, ಮೀನು ತರಲು ಹೋಗುವವರಿಗಲ್ಲ.

ತದಡಿಯಲ್ಲಿ ನನ್ನ ಗೆಳೆಯನೊಬ್ಬನ ಸಣ್ಣ ದೋಣಿ ಇದೆ, ಔಟ್‌ಬೋರ್ಡ್ ಎಂಜಿನ್, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸುವಂಥದ್ದು. ಪ್ಲಗ್ ಬಗ್ಗೆ ಅವನಿಗೆ ಗೊತ್ತಿರುವಷ್ಟು ಯಾವ ಶೋರೂಮಿನವರಿಗೂ ಗೊತ್ತಿಲ್ಲ. ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಎರಡು ಪ್ಲಗ್ ಯಾವಾಗಲೂ ಅವನ ಡಬ್ಬಿಯಲ್ಲಿರುತ್ತವೆ. ಸಮುದ್ರದ ಮಧ್ಯೆ ಕತ್ತಲಲ್ಲಿ ಐದು ನಿಮಿಷದಲ್ಲಿ ಬದಲಿಸುತ್ತಾನೆ. ಅವನು ಕ್ಯಾಪಿನೊಳಗೆ ಗ್ರೀಸ್ ಸವರುವುದು ನೋಡಿ ನಾನೂ ಕಾಯಿಲ್ ಬೂಟಿಗೆ, ಅಂದರೆ ಪ್ಲಗ್ಗಿನ ಮೇಲೆ ಕೂರುವ ರಬ್ಬರ್ ಕೊಳವೆಗೆ, ಮಾಮೂಲಿ ಗ್ರೀಸ್ ಸವರಿದೆ. ತಿಂಗಳಲ್ಲಿ ರಬ್ಬರ್ ಉಬ್ಬಿ ಬೂಟು ಹೊರಗೆ ಬರಲೇ ಒಪ್ಪಲಿಲ್ಲ. ಕೇಳಿದರೆ ನಗುತ್ತಾನೆ. "ಅದು ಸಿಲಿಕೋನ್ ಗ್ರೀಸ್ ಮಾರಾಯಾ, ಬೇರಿಂಗಿಗೆ ಹಾಕೋದಲ್ಲ!"

ಕೊನೆಗೆ ಒಂದು ನೋಟ್‌ಬುಕ್ ಇಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಅದೇ ಏರು, ಅದೇ ಗೇರು, ಎರಡೂವರೆ ಸಾವಿರದಿಂದ ಕಾಲು ಕೆಳಗೆ, ಎರಡು ಸಲ. ಹಿಂದೆ ಗಾಡಿ ಇಲ್ಲದಾಗ ಮಾತ್ರ. ಲೈಟು ಮಿಟುಕಿದ ಕೂಡಲೇ ಕಾಲು ಎತ್ತಬೇಕು, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟ್ ಸುಟ್ಟರೆ ಇನ್ನೊಂದು ದೊಡ್ಡ ಖರ್ಚು. ರಸ್ತೆ ಅಗಲ ಮಾಡಲು ದೇವಿಮನೆ ಬಂದ್ ಮಾಡಿದಾಗ ಅರಬೈಲ್ ಘಟ್ಟದಲ್ಲಿ ಪ್ರಯತ್ನಿಸಿದೆ. ಲಾರಿಗಳ ಹಿಂದೆ ಒಂದನೇ ಗೇರಿನಲ್ಲಿ ತೆವಳಿ ವಾಪಸ್ ಬಂದೆ. ಆ ಪುಟ ಖಾಲಿ ಇದೆ.

ಮೊದಲು ಗ್ಯಾಪ್. ಡಬ್ಬಿಯಿಂದ ಬಂದಿದ್ದು 0.8 ಮಿಲಿಮೀಟರ್. ಬೂಸ್ಟ್ ಏರಿಸಿದ ಮೇಲೆ ಅದು ಜಾಸ್ತಿ, ಕಿಡಿ ಹಾರಲು ಒದ್ದಾಡುತ್ತದೆ. 0.7 ಮಾಡಿದೆ, ಕೆಮ್ಮು ಅರ್ಧ ಕಡಿಮೆ. 0.65ಕ್ಕೆ ತಂದೆ, ಒಣ ದಿನಗಳಲ್ಲಿ ಪೂರ್ತಿ ನಿಂತಿತು. 0.55 ಮಾಡಿ ನೋಡುವ ಆಸೆಯೂ ಆಯಿತು, ಐಡಲಿಂಗ್ ನಡುಗಿತು, ಬಿಟ್ಟೆ. ಇರಿಡಿಯಂ ಗ್ಯಾಪ್ ಮಾಡುವಾಗ ಆ ದುಂಡು ನಾಣ್ಯದಂಥ ಗೇಜ್ ಬಳಸಬೇಡಿ. ನಡುವಿನ ತುದಿ ಸೂಜಿಯಷ್ಟು ಸಣ್ಣ, ಅದಕ್ಕೆ ಒತ್ತಡ ಬಿದ್ದರೆ ಚಟ್ ಅಂತ ಮುರಿಯುತ್ತದೆ. ತಂತಿ ಗೇಜ್ ಇಟ್ಟು ಹೊರಗಿನ ಕಡ್ಡಿಯನ್ನು ಮಾತ್ರ ಮೆಲ್ಲಗೆ ತಟ್ಟಬೇಕು. ನಾನು ಯಾವುದರ ಮೇಲೆ ತಟ್ಟುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ನಾನು ಅದನ್ನು ಹೇಳಿಕೊಟ್ಟ ಇಬ್ಬರು ಈಗ ಪ್ಲಗ್ಗಿಗೆ ಐವತ್ತು ರೂಪಾಯಿ ತೆಗೆದುಕೊಂಡು ಅದೇ ಕೆಲಸ ಮಾಡುತ್ತಿದ್ದಾರೆ.

ಗೆದ್ದೆ ಅಂದುಕೊಂಡೆ. ಜೂನ್ ಮೊದಲ ವಾರ ಮಳೆ ಹಿಡಿಯಿತು. ರಾಗಿಹೊಸಳ್ಳಿ ಹತ್ತಿರ ಮತ್ತೆ ಟುಕ್. ಈ ಸಲ ಬರೀ ಮೂರನೇ ಸಿಲಿಂಡರ್.

ಆಗ ತಲೆಗೆ ಹೊಳೆಯಿತು, ಇದು ಒಂದು ಕಾಯಿಲೆ ಅಲ್ಲ, ಎರಡು. ಗ್ಯಾಪಿನ ಕೆಮ್ಮು ನಾಲ್ಕಕ್ಕೂ ಇತ್ತು, ಅದರ ಗದ್ದಲದಲ್ಲಿ ಇನ್ನೊಂದು ಅಡಗಿ ಕೂತಿತ್ತು. ಮನೆಗೆ ಬಂದು ರಾತ್ರಿ ಬಾನೆಟ್ ತೆಗೆದು ಕೂತೆ. ಕತ್ತಲಲ್ಲಿ ನೀಲಿ ಕಿಡಿ ಕಾಣುತ್ತದೆ ಅಂತಾರೆ. ವೈರ್ ಇರುವ ಹಳೇ ಗಾಡಿಗಳಿಗೆ ಅದು ಸರಿ. ನಮ್ಮದರಲ್ಲಿ ಪ್ಲಗ್ ಬಾವಿಯಂಥ ಗುಂಡಿಯೊಳಗೆ, ಮೇಲೆ ಕಾಯಿಲ್. ಕಂಡದ್ದು ಸೊಳ್ಳೆ ಮಾತ್ರ. ಹೆಂಡತಿ ಬಟ್ಟೆಗೆ ಇಸ್ತ್ರಿ ಹಾಕುವಾಗ ನೀರು ಚಿಮುಕಿಸುವ ಬಾಟಲಿ ತಂದೆ. ನೀರಿಗೆ ಒಂದು ಚಿಟಿಕೆ ಉಪ್ಪು. ಐಡಲಿಂಗಿನಲ್ಲಿ ಒಂದೊಂದೇ ಕಾಯಿಲಿನ ಬುಡಕ್ಕೆ ಮಂಜಿನ ಹಾಗೆ ಹೊಡೆದು ಮೊಬೈಲಿನಲ್ಲಿ ಮಿಸ್‌ಫೈರ್ ಕೌಂಟ್ ನೋಡಿದೆ. ಒಂದು, ಏನಿಲ್ಲ. ಎರಡು, ಏನಿಲ್ಲ. ಮೂರಕ್ಕೆ ಹೊಡೆದ ನಾಲ್ಕು ಸೆಕೆಂಡಿಗೆ ಎಂಜಿನ್ ಕುಂಟಿತು. ಕೈ ಮಾತ್ರ ದೂರ ಇರಲಿ, ಒಮ್ಮೆ ನನಗೆ ಹೊಡೆದ ಶಾಕಿಗೆ ಮೊಣಕೈವರೆಗೆ ಜೋಮು.

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ತೆಗೆದೆ. ಮೊದಲು ಸೈಕಲ್ ಪಂಪಿನಿಂದ ಬಾವಿಯೊಳಗಿನ ಕೆಂಪು ಧೂಳು ಊದಿದೆ. ಪ್ಲಗ್ ಹೊರಗೆ ಬಂತು. ತುದಿ ನೋಡಿದರೆ ಚಹಾ ಬಣ್ಣ, ಯಾರೂ ತಪ್ಪು ಹೇಳುವಂತಿಲ್ಲ. ಬಿಸಿಲಿಗೆ ಹಿಡಿದು ಬಿಳಿ ಪಿಂಗಾಣಿಯನ್ನು ತಿರುಗಿಸಿದೆ. ಮೇಲಿನಿಂದ ಕೆಳಗಿನವರೆಗೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ. ಉಗುರಿನಿಂದ ಕೆರೆದರೆ ಹೋಗಲಿಲ್ಲ. ಚಿರೇಕಲ್ಲಿನ ಮೇಲೆ ಬಿದ್ದ ದಿನ ಕೂದಲಿನಷ್ಟು ಬಿರುಕು ಬಿಟ್ಟಿದೆ, ಕರೆಂಟು ಕಿಡಿಯಾಗುವ ಬದಲು ಅದರ ಮೇಲೆ ದಾರಿ ಮಾಡಿಕೊಂಡಿದೆ. ಕುಮಟಾದ ಉಪ್ಪು ಗಾಳಿ ಮತ್ತು ಮಳೆ ಆ ದಾರಿಯನ್ನು ಅಗಲ ಮಾಡಿವೆ.

ಇನ್ನು ಆ ಹಳೇ ಕಾಯಿಲ್. ಮೂರರಿಂದ ಒಂದಕ್ಕೆ ಹೋಗಿದ್ದು, ಆಮೇಲೆ ನಾನೇ ವಾಪಸ್ ಮೂರಕ್ಕೆ ತಂದಿದ್ದೆ. ಅದರ ಬೂಟಿನೊಳಗೆ ಟಾರ್ಚ್ ಬಿಟ್ಟೆ. ಅದೇ ಜಾಗದಲ್ಲಿ ಅದೇ ಗೆರೆ. ಪ್ಲಗ್ ಸುಟ್ಟ ದಾರಿ ಬೂಟಿಗೂ ಅಂಟಿದೆ. ಅದಕ್ಕೇ ಅದಲುಬದಲು ಮಾಡಿದಾಗ ಒಂದು ಕಡೆ ಕೆಟ್ಟ ಬೂಟು, ಇನ್ನೊಂದು ಕಡೆ ಕೆಟ್ಟ ಪ್ಲಗ್, ಎರಡೂ ಕಡೆ ಮಿಸ್. ಬರೀ ಪ್ಲಗ್ ಬದಲಿಸಿದ್ದರೆ ಆ ಬೂಟು ಹೊಸ ಪ್ಲಗ್ಗನ್ನೂ ಸ್ವಲ್ಪ ದಿನದಲ್ಲಿ ಕೆಡಿಸುತ್ತಿತ್ತು. ಎರಡನ್ನೂ ಒಟ್ಟಿಗೇ ಬಿಸಾಡಿದೆ.

ಒಂದು ಪ್ಲಗ್, ಒಂದು ಕಾಯಿಲ್, ಒಂದು ಸಣ್ಣ ಟ್ಯೂಬ್ ಸಿಲಿಕೋನ್ ಗ್ರೀಸ್. ಐದು ಸಾವಿರದ ಒಳಗೆ. ಥ್ರೆಡ್ಡಿಗೆ ಏನೂ ಸವರಲಿಲ್ಲ, ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುವಲ್ ಹೇಳಿದಷ್ಟೇ ಬಿಗಿ. ಸಾಕೆಟ್ ಓರೆ ಹಿಡಿದು ತಿರುಗಿಸಿದರೂ ಪಿಂಗಾಣಿ ಬಿರುಕು ಬಿಡುತ್ತದೆ, ಜೋಪಾನ. ಕಾಯಿಲ್ ಮೇಲಿನ ಕವರಿಗೆ ನೀರು ಇಳಿಯದ ಹಾಗೆ ಇನ್ನೊಂದು ಸಣ್ಣ ಕೆಲಸ ಮಾಡಿದ್ದೇನೆ. ಅದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ.

ಆಗಸ್ಟಿನಲ್ಲಿ ಧೋ ಅಂತ ಸುರಿಯುವ ಮಳೆಯಲ್ಲಿ ಭಾವಮೈದುನನ ಕೈಗೇ ಸ್ಟೇರಿಂಗ್ ಕೊಟ್ಟೆ. ಗಾಡಿಯಲ್ಲಿ ನಾಲ್ಕು ಜನ, ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ. ಕತಗಾಲದಿಂದ ದೇವಿಮನೆ ಗುಡಿಯವರೆಗೆ ಅವನು ಒಂದೂ ಮಾತಾಡಲಿಲ್ಲ. ಗುಡಿಯ ಹತ್ತಿರ ನಿಲ್ಲಿಸಿ, ಕೈ ಮುಗಿದು, ವಾಪಸ್ ಬಂದು ಕೂತ. "ಭಾವ, ನನ್ನ ಗಾಡೀನೂ ಒಂದ್ಸಲ ನೋಡ್ತ್ಯಾ?" ಅಂದ. ಅವನದ್ದು ಡೀಸೆಲ್, ಸ್ಪಾರ್ಕ್ ಪ್ಲಗ್ಗೇ ಇಲ್ಲ.