ವಿಕಲಚೇತನರಿರುವ ಮನೆಗೆ ಮಂಚ, ಸೋಫಾ, ಮೇಜು: ಅಳತೆ ಹೇಗೆ ತೆಗೆಯುತ್ತೇನೆ

ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಆಗಿ ಯಾವ ಮನೆಗೆ ಹೋದರೂ ನಾನು ಮೊದಲು ಬರೆದುಕೊಳ್ಳುವ ಅಂಕಿ ಒಂದೇ: ಆ ವ್ಯಕ್ತಿ ತನ್ನ ವೀಲ್‌ಚೇರಿನಲ್ಲಿ ಕುಶನ್ ಮೇಲೆ ಕೂತಾಗ ನೆಲದಿಂದ ಎಷ್ಟು ಎತ್ತರದಲ್ಲಿರುತ್ತಾರೆ ಎಂಬುದು. ಖಾಲಿ ಕುರ್ಚಿಯನ್ನು ಅಳೆದರೆ ಪ್ರಯೋಜನವಿಲ್ಲ, ಮೈಭಾರ ಬಿದ್ದರೆ ಕುಶನ್ ತಗ್ಗುತ್ತದೆ. ಸಾಮಾನ್ಯ ಮಡಚುವ ವೀಲ್‌ಚೇರಿನ ಸೀಟು ನೆಲದಿಂದ 19–20 ಇಂಚು ಇರುತ್ತದೆ. ಸೀಟು 19.5 ಇಂಚು ಇದ್ದು, 3 ಇಂಚಿನ ಕುಶನ್ ಕೂತಾಗ 2 ಇಂಚಿಗೆ ಇಳಿದರೆ ಒಟ್ಟು 21.5 ಇಂಚು. ಮಂಚದ ಲೆಕ್ಕವೆಲ್ಲ ಇದರ ಮೇಲೆಯೇ.

ಹಾಸಿಗೆಯೂ ತಗ್ಗುತ್ತದೆ. 5 ಇಂಚಿನ ಗಟ್ಟಿ ಫೋಮ್ ಹಾಸಿಗೆಯ ಅಂಚಿನಲ್ಲಿ ಕೂತರೆ ಸುಮಾರು ಒಂದು ಇಂಚು ಒಳಗಿಳಿಯುತ್ತದೆ. ಹಾಗಾಗಿ ಮಂಚದಲ್ಲಿ ಕೂತ ಎತ್ತರವೂ ಕುರ್ಚಿಯಷ್ಟೇ, ಅಂದರೆ 21.5 ಇಂಚು, ಆಗಲು ಮಂಚದ ಹಲಗೆ 17.5 ಇಂಚಿಗೆ ಬರಬೇಕು. ಬಡಗಿಗೆ ಈ ಹಲಗೆಯ ಅಳತೆಯನ್ನೇ ಕಾಗದದಲ್ಲಿ ಬರೆದುಕೊಡಿ. ‘ಹಾಸಿಗೆ ಸೇರಿ ಇಷ್ಟಿರಲಿ’ ಎಂದು ಬಾಯಿಮಾತಲ್ಲಿ ಹೇಳಿದರೆ, ಕೊನೆಗೆ ಮನೆಗೆ ಬರುವ ಹಾಸಿಗೆ ದಪ್ಪವಾಗಿದ್ದು ಲೆಕ್ಕ ತಪ್ಪುತ್ತದೆ. ಏರ್‌ಬೆಡ್ ಹಾಕುವುದಿದ್ದರೆ ಅದನ್ನು ಗಾಳಿ ತುಂಬಿಸಿ, ವ್ಯಕ್ತಿಯನ್ನು ಕೂರಿಸಿ ಅಳೆದ ಮೇಲೆಯೇ ಮಂಚದ ಮಾತು.

ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ತೊಂದರೆಯಿಲ್ಲ. ಎರಡು ಇಂಚು ದಾಟಿದರೆ, ಬೆನ್ನುಹುರಿಗೆ ಪೆಟ್ಟಾಗಿ ಕೈಬಲದ ಮೇಲೆಯೇ ಜಾರಿಕೊಳ್ಳುವವರು ಪ್ರತಿ ಸಲವೂ ಮೈಯನ್ನು ಮೇಲಕ್ಕೆ ಎತ್ತಬೇಕಾಗುತ್ತದೆ. ಭುಜ ಸವೆಯುತ್ತದೆ. ಸುಸ್ತಾದ ದಿನ ಪೂರ್ತಿ ಎತ್ತಲಾಗದೆ ಪೃಷ್ಠ ಚಕ್ರಕ್ಕೋ ಮಂಚದ ಅಂಚಿಗೋ ಉಜ್ಜುತ್ತದೆ. ಸ್ಪರ್ಶಜ್ಞಾನ ಇಲ್ಲದ ಜಾಗವಾದ್ದರಿಂದ ಗೊತ್ತೇ ಆಗುವುದಿಲ್ಲ. ಚರ್ಮ ಕೆಂಪಾಗಿ, ಒಡೆದು, ಒತ್ತಡದ ಹುಣ್ಣಾಗುವವರೆಗೆ ಯಾರೂ ನೋಡಿರುವುದಿಲ್ಲ. ಮಂಚ ತಗ್ಗಾಗಿದ್ದರೆ ಇಳಿಯುವುದು ಸುಲಭ ನಿಜ, ಆದರೆ ಬೆಳಿಗ್ಗೆ ಕುರ್ಚಿಗೆ ಹತ್ತಬೇಕಲ್ಲ. ಆದ್ದರಿಂದ ಎರಡೂ ಸಮ ಇರಲಿ.

ಅಂಚಿನ ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಹಾಸಿಗೆ ಸರಿಯದಿರಲೆಂದು ಎಷ್ಟೋ ಮಂಚಗಳಲ್ಲಿ ಪಕ್ಕದ ಪಟ್ಟಿಯನ್ನು ಹಲಗೆಗಿಂತ ಒಂದೆರಡು ಇಂಚು ಮೇಲಕ್ಕೆ ಬಿಟ್ಟಿರುತ್ತಾರೆ. ತೆಳ್ಳಗಿನ, ಮೆತ್ತನೆಯ ಹಾಸಿಗೆ ತಗ್ಗಿದಾಗ ಅದು ತೊಡೆಗೆ ಒತ್ತುತ್ತದೆ. ಹತ್ತಿಳಿಯುವ ಕಡೆ ಪಟ್ಟಿ ಹಲಗೆಗೆ ಸಮವಾಗಿರಲಿ, ಮೂಲೆಗಳನ್ನು ಉರುಟು ಮಾಡಿಸಿ, ಹಾಸಿಗೆ ಸರಿಯದಂತೆ ಕೆಳಗೆ ವೆಲ್ಕ್ರೋ ಹಚ್ಚಿಸಿ. ಟೈಲ್ಸ್ ನೆಲದ ಮೇಲೆ ಮಂಚವೇ ಜಾರದಂತೆ ಕಾಲುಗಳಿಗೆ ರಬ್ಬರ್ ಬುಷ್ ಬೇಕೇ ಬೇಕು.

ಸಾಮಾನು ತುಂಬುವ ಬಾಕ್ಸ್ ಮಂಚ ಈಗ ಎಲ್ಲ ಕಡೆ ಇದೆ, ವೀಲ್‌ಚೇರ್ ಬಳಸುವವರಿಗೆ ಅದು ಬೇಡ ಎಂದೇ ಹೇಳುತ್ತೇನೆ. ನಮ್ಮಲ್ಲಿ ಸಿಗುವ ವೀಲ್‌ಚೇರಿನ ಮುಂದಿನ ಚಕ್ರ ಸಾಮಾನ್ಯವಾಗಿ 8 ಇಂಚಿನದು. ಮಂಚದ ಕೆಳಗೆ 9 ಇಂಚು ಖಾಲಿ ಇದ್ದರೆ ಚಕ್ರವೂ ಕಾಲಿಡುವ ಪಟ್ಟಿಯೂ ಒಳಗೆ ಹೋಗಿ ಸೀಟು ಹಾಸಿಗೆಗೆ ಅಂಟಿಕೊಂಡಂತೆ ಬರುತ್ತದೆ. ಬಾಕ್ಸ್ ಅಡ್ಡ ಇದ್ದರೆ ನಡುವೆ ಕಂದಕ ಉಳಿಯುತ್ತದೆ, ಬೀಳುವುದು ಅಲ್ಲಿಯೇ. ಇರುವ ಮಂಚವನ್ನೇ ಸರಿಪಡಿಸುವುದಾದರೆ ಒಂದು ಪಕ್ಕದ ಹಲಗೆ ಬಿಚ್ಚಿ, ಮಧ್ಯಕ್ಕೆ ಸ್ವಲ್ಪ ಒಳಗೆ ಒಂದು ಕಾಲು ಕೊಡಿಸಿ. ಬರೀ ಬಿಚ್ಚಿಬಿಟ್ಟರೆ ಮೇಲಿನ ಪ್ಲೈವುಡ್ ಬಾಗುತ್ತದೆ.

ಆಸ್ಪತ್ರೆಯ ಕಬ್ಬಿಣದ ಮಂಚ ತರುವವರೂ ಇದ್ದಾರೆ. ಪೂರ್ತಿ ಹಾಸಿಗೆ ಹಿಡಿದವರಿಗೆ ಅದು ಒಳ್ಳೆಯದೇ, ಎತ್ತರವಿರುವುದರಿಂದ ಆರೈಕೆ ಮಾಡುವವರ ಸೊಂಟ ಉಳಿಯುತ್ತದೆ. ತಾನೇ ಎದ್ದು ಕುರ್ಚಿಗೆ ಬರಬಲ್ಲವರಿಗೆ ಎತ್ತರ ಇಳಿಸಲಾಗದ ಅಂಥ ಮಂಚ ತಂದುಕೊಟ್ಟರೆ ಅವರ ಸ್ವಾತಂತ್ರ್ಯವನ್ನೇ ಕಿತ್ತುಕೊಂಡ ಹಾಗೆ.

ಕೋಣೆ 10 ಅಡಿ ಅಗಲವಿದ್ದು 6 ಅಡಿಯ ಡಬಲ್ ಕಾಟ್ ಮಧ್ಯಕ್ಕೆ ಹಾಕಿದರೆ ಎರಡೂ ಪಕ್ಕ ಎರಡೆರಡು ಅಡಿ ಉಳಿಯುತ್ತದೆ. ವೀಲ್‌ಚೇರಿನ ಅಗಲವೇ 24–26 ಇಂಚು! 4 ಅಡಿಯ ಮಂಚವನ್ನು ಗೋಡೆಗೆ ಒತ್ತಿ ಹಾಕಿದರೆ 6 ಅಡಿ ಸಿಗುತ್ತದೆ. ಒಂದು ಸುತ್ತು ತಿರುಗಲು 1500 ಮಿ.ಮೀ., ಅಂದರೆ 5 ಅಡಿ ಸಾಕು. ಪಾರ್ಶ್ವವಾಯು ಆದವರಿಗಾದರೆ ಎದ್ದು ಬರುವಾಗ ಬಲವಿರುವ ಪಕ್ಕ ಹೊರಗಡೆಗೆ ಬರುವಂತೆ ಗೋಡೆ ಆರಿಸಿ.

ಪಾರ್ಶ್ವವಾಯು ಆದವರಂತೆ ಕಾಲೂರಿ ಏಳಬಲ್ಲವರು ಕೂರುವ ಆಸನಕ್ಕೆ ಬೇರೆಯೇ ಲೆಕ್ಕ. ಮೆತ್ತನೆಯ ಸೋಫಾದಲ್ಲಿ ಕೂತರೆ ಮಂಡಿಗಿಂತ ಸೊಂಟ ಕೆಳಗಿಳಿಯುತ್ತದೆ, ಅಲ್ಲಿಂದ ಏಳಲು ಒಬ್ಬರ ಕೈ ಬೇಕು. ಹಿಮ್ಮಡಿಯಿಂದ ಮಂಡಿಯ ಹಿಂಬದಿಯವರೆಗಿನ ಅಳತೆಗೆ ಒಂದೆರಡು ಇಂಚು ಸೇರಿಸಿದರೆ ಸೀಟಿನ ಎತ್ತರ ಬಂತು. ಆಳ 16–18 ಇಂಚು ಸಾಕು. ಕೈಯೂರುವ ಹಿಡಿ ಸೀಟಿನಿಂದ 7–9 ಇಂಚು ಎತ್ತರವಿದ್ದು ಸೀಟಿನ ಮುಂಭಾಗದವರೆಗೂ ಚಾಚಿರಬೇಕು. ಏಳುವಾಗ ಪಾದ ಹಿಂದಕ್ಕೆ ಎಳೆದುಕೊಳ್ಳಲು ಸೀಟಿನ ಕೆಳಗೆ ಖಾಲಿ ಇರಬೇಕು. ಹಳೇ ಸೋಫಾಕ್ಕೆ ಕುಶನ್ ಕೆಳಗೆ 12 ಮಿ.ಮೀ. ಪ್ಲೈವುಡ್ ಹಾಕಿದರೆ ತಗ್ಗುವುದು ನಿಲ್ಲುತ್ತದೆ. ಎತ್ತರಿಸಲು ನಾಲ್ಕು ಕಾಲಿಗೆ ನಾಲ್ಕು ಬಿಡಿ ಮರದ ತುಂಡು ಇಡಬೇಡಿ, ಸೋಫಾ ಸರಿಸಿದಾಗ ಒಂದು ಜಾರಿದರೂ ಮನುಷ್ಯ ಬೀಳುತ್ತಾನೆ. ನಾಲ್ಕೂ ಕಾಲು ಕೂರುವ ಗುಳಿಯಿರುವ ಒಂದೇ ಚೌಕಟ್ಟು ಮಾಡಿಸಿ. ಪ್ಲಾಸ್ಟಿಕ್ ಕುರ್ಚಿ ಬೇಡ. ಒಂದೇ ಕೈಯಿಂದ ಒತ್ತಿ ಎದ್ದರೆ ಅದು ವಾಲುತ್ತದೆ, ಒದ್ದೆ ನೆಲದಲ್ಲಿ ಕಾಲುಗಳು ಅಗಲಿಸುತ್ತವೆ.

ಊಟದ ಮೇಜು 30 ಇಂಚು ಎತ್ತರವಿದ್ದರೂ ಹಲಗೆಯ ಕೆಳಗಿನ 4 ಇಂಚಿನ ಅಡ್ಡಪಟ್ಟಿ ಮಂಡಿಗೆ ಹೊಡೆಯುತ್ತದೆ. ಕೆಳಗೆ 27 ಇಂಚು ಎತ್ತರ, 30 ಇಂಚು ಅಗಲ ಖಾಲಿ ಬೇಕು. ಒಂದು ಬದಿಯ ಅಡ್ಡಪಟ್ಟಿ ತೆಗೆದು ಕಬ್ಬಿಣದ ಪಟ್ಟಿ ಕೊಟ್ಟರೆ ಆಯಿತು. ನಡುವೆ ಒಂದೇ ಕಂಬದ ಮೇಜಿನಲ್ಲಿ ಕಂಬದ ಬುಡ ಕಾಲಿಡುವ ಪಟ್ಟಿಗೆ ತಾಗುತ್ತದೆ. ಮೇಜಿನ ಅಂಚಿಗೆ ಅರ್ಧ ಇಂಚಿನ ದಂಡೆ ಹೊಡೆಸಿ: ಬಿಸಿ ಸಾರು ಚೆಲ್ಲಿ ತೊಡೆಗೆ ಬಿದ್ದರೆ ಸ್ಪರ್ಶವಿಲ್ಲದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಬಟ್ಟೆಯ ಕಪಾಟಿಗೆ ಸರಿಸುವ ಬಾಗಿಲು, ಹ್ಯಾಂಗರ್ ಸರಳು 4 ಅಡಿಗೆ, ಗುಬುಟಿನ ಬದಲು ಉದ್ದ ಹಿಡಿ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆ, ಭಂಗಿಯ ಮೇಲೆ ಹಿಡಿತ ಕಡಿಮೆಯಾಗುವ ಸ್ಥಿತಿ) ಇರುವ ಮಗುವಿನ ಕುರ್ಚಿಯಲ್ಲಿ ಮೊದಲು ಭದ್ರವಾಗಬೇಕಾದದ್ದು ಸೊಂಟ. ತೊಡೆಯ ಮೇಲೆ, ಸೀಟಿಗೆ 45 ಡಿಗ್ರಿ ಓರೆಯಾಗಿ ಬರುವ ಬೆಲ್ಟು ಅದನ್ನು ಹಿಡಿಯುತ್ತದೆ. ಎದೆಗೆ ಮಾತ್ರ ಬೆಲ್ಟು ಕಟ್ಟಿದರೆ ಮಗು ಕೆಳಗೆ ಜಾರಿ, ಬೆಲ್ಟು ಕುತ್ತಿಗೆಗೆ ಬರುವ ಅಪಾಯವಿದೆ. ಕಾಲುಗಳ ನಡುವಿನ ಗೂಟ ಮಂಡಿ ಕೂಡದಿರಲಿ ಎಂದು ಇಡುವುದು, ಜಾರುವುದನ್ನು ತಡೆಯಲು ಅಲ್ಲ. ಸೀಟಿನ ಆಳ ಪೃಷ್ಠದಿಂದ ಮಂಡಿಯ ಹಿಂಬದಿಯವರೆಗಿನ ಅಳತೆಗಿಂತ ಒಂದು ಇಂಚು ಕಡಿಮೆ, ಪಾದ ಪೂರ್ತಿ ಊರಲು ಪಟ್ಟಿ, ಮೊಣಕೈ ಎತ್ತರಕ್ಕೆ ತಟ್ಟೆ. ಮಗು ಬೆಳೆಯುತ್ತದೆ, ಅದಕ್ಕೆಂದೇ ಬೆನ್ನಿನ ಹಲಗೆಗೂ ಪಾದದ ಪಟ್ಟಿಗೂ ಇಂಚಿಗೊಂದರಂತೆ ತೂತು ಕೊರೆಸಿ ಬೋಲ್ಟ್ ಹಾಕಿಸಿ, ಆರು ತಿಂಗಳಿಗೊಮ್ಮೆ ಅಳೆದು ಸರಿಸಿ.